ಎರಡನೇ ಕೋವಿ: ಕಡಿಮೆ ಬೆಲೆಗೆ ಒಳ್ಳೆಯ ಬೋಲ್ಟ್ ಆಕ್ಷನ್ ರೈಫಲ್ ಆರಿಸಿಕೊಳ್ಳುವುದು ಹೇಗೆ

ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುವ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ. ಇರುವುದು ಸುಮಾರು ಎರಡು ವಾರ. ನಮ್ಮಂಥ ಕೆಲಸದವರಿಗೆ ಅದರಲ್ಲಿ ಸಿಗುವುದು ಮೂರೋ ನಾಲ್ಕೋ ದಿನ. ಕೆಲವು ವರ್ಷದ ಹಿಂದೆ ಶುಕ್ರವಾರ ಸಂಜೆ ಕಾರಿನಿಂದ ಸಾಮಾನು ಇಳಿಸಿ ಕ್ಯಾಬಿನ್ನಿಗೆ ಸಾಗಿಸುತ್ತಿದ್ದೆ. ಮೆಟ್ಟಿಲ ಮೇಲೆ ಮಂಜು ಕಟ್ಟಿತ್ತು, ಕಾಲು ಜಾರಿತು. ನನಗೆ ಏನೂ ಆಗಲಿಲ್ಲ. ಹೆಗಲಲ್ಲಿದ್ದ ಬಟ್ಟೆ ಚೀಲದೊಳಗಿನ ರೈಫಲ್ ಮಾತ್ರ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೆಳಗಾಗಿ ಕಲ್ಲಿಗೆ ಬಡಿಯಿತು. ತೆಗೆದು ನೋಡಿದರೆ ಒಂದು ಗೀರು ಸಹ ಇಲ್ಲ. ಆದರೂ ಮನಸ್ಸು ತಡೆಯದೆ, ಬೆಳಕು ಇರುವಾಗಲೇ 100 ಗಜದಲ್ಲಿ ಕಾಗದ ಕಟ್ಟಿ ಒಂದು ಈಡು ಹೊಡೆದೆ. ಗುಂಡು ಗುರಿಯಿಂದ ಒಂದು ಗೇಣು ಬಲಕ್ಕೆ ಹೋಗಿ ಬಿದ್ದಿತ್ತು. ಇನ್ನೊಂದು ಹೊಡೆದೆ, ಅದು ಮತ್ತೆಲ್ಲೋ. ಸ್ಕೋಪಿನ ಒಳಗೇ ಏನೋ ಕಳಚಿತ್ತು.

ಜೊತೆಗಿದ್ದ ಗೆಳೆಯ ತನ್ನ ಎರಡನೇ ರೈಫಲ್ ಕೊಟ್ಟ. ಒಳ್ಳೆಯ ರೈಫಲ್, ಗುರಿಯೂ ಸರಿಯಾಗಿತ್ತು. ಮರುದಿನ ಬೆಳಿಗ್ಗೆ ಅರವತ್ತು ಗಜದಲ್ಲಿ ಕೊಂಬಿನ ಜಿಂಕೆಯೊಂದು ಬಂದು ಅಡ್ಡಡ್ಡ ನಿಂತಿತು. ನನ್ನ ರೈಫಲ್‌ನ ಸೇಫ್ಟಿ (ಈಡು ಹಾರದಂತೆ ತಡೆಯುವ ಗುಂಡಿ) ಬೋಲ್ಟ್‌ನ, ಅಂದರೆ ಕೈಯಿಂದ ಎಳೆದು ತಳ್ಳಿ ತೋಟಾ ಏರಿಸುವ ಭಾಗದ, ಬಲಪಕ್ಕದಲ್ಲಿ ಇರುತ್ತದೆ, ಹೆಬ್ಬೆರಳು ಅಲ್ಲಿಗೇ ಹೋಯಿತು. ಅಲ್ಲಿ ಏನೂ ಇಲ್ಲ. ಅವನದ್ದರಲ್ಲಿ ಸೇಫ್ಟಿ ಇದ್ದದ್ದು ಹಿಂದೆ, ಕೈ ಹಿಡಿಯುವ ಜಾಗದ ಮೇಲೆ. ಹುಡುಕಿ ತಳ್ಳುವಷ್ಟರಲ್ಲಿ ಬಿಳಿ ಬಾಲ ಎತ್ತಿಕೊಂಡು ಜಿಂಕೆ ಓಡಿತು.

ಆ ಬೆಳಿಗ್ಗೆ ನನಗೆ ಎರಡು ವಿಷಯ ಕಲಿಸಿತು. ಸ್ಪೇರ್ ಒಂದು ಇರಲೇಬೇಕು. ಅದು ಕೈಗೆ ಮೊದಲನೆಯದರ ಹಾಗೇ ಇರಬೇಕು. ಬೆಲೆ, ಬ್ರಾಂಡ್, ಅಂದಚಂದ ಎಲ್ಲ ಆಮೇಲೆ. ಅಮೆರಿಕದಲ್ಲಿ ಬೇಟೆಗೆ ಇಳಿದಿರುವ ಕನ್ನಡದವರು, ಅದರಲ್ಲೂ ಮಲೆನಾಡು ಕೊಡಗಿನ ಕಡೆಯಿಂದ ಬಂದು ಕೋವಿ ಅಂದರೆ ಏನೆಂದು ಮನೆಯಲ್ಲೇ ನೋಡಿ ಬೆಳೆದವರು, ಈಗ ಸಾಕಷ್ಟು ಜನ ಇದ್ದೀರಿ. ನಿಮಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನು

ಇದನ್ನು ಹಾರಿಸಿಕೊಂಡು ಮುಂದೆ ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಪಡೆದವರು ಅಮೆರಿಕದಲ್ಲಿ ರೈಫಲ್ ಕೊಳ್ಳಬಹುದು. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಇರುವ ಒಂದು ಮುಖ್ಯ ವಿನಾಯಿತಿ ಎಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಆ ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಆದರೆ ಕೋವಿ ಮನೆಯಲ್ಲೇ ಇರುತ್ತದೆ ಅಲ್ವಾ? ಸಿಕ್ಕಿಹಾಕಿಕೊಳ್ಳುವುದು ಅಲ್ಲಿ. ವೀಸಾದಲ್ಲಿದ್ದರೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ, ಆಮೇಲೆ ಅಂಗಡಿಗೆ ಹೋಗಿ.

ಅಂಗಡಿಯಲ್ಲಿ 4473 ಎನ್ನುವ ಫಾರ್ಮ್ ತುಂಬಬೇಕು. ಅದರಲ್ಲಿ ಸುಳ್ಳು ಬರೆದರೆ ಅದೇ ಒಂದು ದೊಡ್ಡ ಅಪರಾಧ. ಹಿನ್ನೆಲೆ ಪರಿಶೀಲನೆಯನ್ನು ಪೆನ್ಸಿಲ್ವೇನಿಯಾದಲ್ಲಿ ಸ್ಟೇಟ್ ಪೊಲೀಸರೇ ಮಾಡುತ್ತಾರೆ. ಇನ್ನೊಂದು ಮಾತು. "ನನ್ನ ಹೆಸರಲ್ಲಿ ಆಗಲ್ಲ, ದುಡ್ಡು ಕೊಡ್ತೀನಿ, ನೀನೇ ತಗೊಂಡು ಕೊಡು" ಎಂದು ಯಾರಾದರೂ ಕೇಳಿದರೆ, ಎಷ್ಟೇ ಹತ್ತಿರದವರಾದರೂ ಆಗಲ್ಲ ಎಂದು ಹೇಳಿ. ಹಾಗೆ ಕೊಡಿಸುವುದು ಫೆಡರಲ್ ಅಪರಾಧ.

ಬೇಟೆ ಲೈಸೆನ್ಸ್ ಮೊದಲ ಸಲ ಪಡೆಯುವವರು ಇಲ್ಲಿ ಹಂಟರ್ ಎಜುಕೇಶನ್ ತರಗತಿ ಮುಗಿಸಿರಬೇಕು. ರೈಫಲ್ ಸೀಸನ್‌ನಲ್ಲಿ ಮೈಮೇಲೆ 250 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಬಣ್ಣ ಕಾಣಬೇಕು. ಜಿಂಕೆಗೆ ಇಲ್ಲಿ ಸೆಮಿ ಆಟೊಮ್ಯಾಟಿಕ್, ಅಂದರೆ ಮುಂದಿನ ತೋಟಾ ತಾನಾಗೇ ಏರುವ, ರೈಫಲ್ ಬಳಸುವಂತಿಲ್ಲ. ಬೋಲ್ಟ್ ಆಕ್ಷನ್ ಇಲ್ಲಿ ಇಷ್ಟು ಜಾಸ್ತಿ ಕಾಣಲು ಅದೂ ಒಂದು ಕಾರಣ. ಬೇರೆ ರಾಜ್ಯದಲ್ಲಿ ಇದ್ದರೆ ಆ ರಾಜ್ಯದ ನಿಯಮ ಪುಸ್ತಕ ಓದಿಕೊಳ್ಳಿ.

ಹೆಜ್ಜೆ 1: ಈಗಿರುವ ರೈಫಲ್ ಮುಂದಿಟ್ಟುಕೊಂಡು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಮೊದಲನೇ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಟೇಬಲ್ ಮೇಲೆ ಇಡಿ. ಒಂದು ಚೀಟಿಯಲ್ಲಿ ಐದು ವಿಷಯ ಬರೆಯಿರಿ. ಯಾವ ತೋಟಾ? ಸೇಫ್ಟಿ ಎಲ್ಲಿದೆ, ಯಾವ ಕಡೆ ತಳ್ಳಬೇಕು? ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಕಳಚಿ ಬರುತ್ತದೋ, ಒಳಗೇ ಇದೆಯೋ? ಸ್ಕೋಪ್ ಯಾವುದು, ಒಳಗಿನ ಗೆರೆಗಳು ಹೇಗಿವೆ? ಟ್ರಿಗರ್ ಎಷ್ಟು ಗಟ್ಟಿ?

ಇವುಗಳಲ್ಲಿ ನಾನು ಬಿಡದೆ ಹೊಂದಿಸುವುದು ಎರಡನ್ನು: ತೋಟಾ ಮತ್ತು ಸೇಫ್ಟಿ. ಚಳಿಯಲ್ಲಿ ಕೈ ಮರಗಟ್ಟಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಆಗ ತಲೆ ಕೆಲಸ ಮಾಡುವುದಿಲ್ಲ, ಬೆರಳು ಅಭ್ಯಾಸವಾದ ಜಾಗಕ್ಕೇ ಹೋಗುತ್ತದೆ. ಜಿಂಕೆ ತಪ್ಪಿದರೆ ಹೋಗಲಿ. ಸೇಫ್ಟಿ ಹಾಕಿದ್ದೇನೆ ಎಂದು ಅಂದುಕೊಂಡು ಹಾಕದೇ ನಡೆಯುವುದು ಅದಕ್ಕಿಂತ ಕೆಟ್ಟದ್ದು.

ಹೆಜ್ಜೆ 2: ತೋಟಾ

ಎರಡಕ್ಕೂ ಒಂದೇ ತೋಟಾ. ಇದರಲ್ಲಿ ನನಗೆ ಎರಡು ಮಾತಿಲ್ಲ. .308, .243, 7ಎಂಎಂ-08 ಎನ್ನುವ ಈ ಮೂರು ತೋಟಾಗಳೂ ಒಂದೇ ಮನೆತನದವು. ಜೇಬಿನಲ್ಲಿ ಕೈ ಹಾಕಿದರೆ ಕತ್ತಲಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಒಂದರ ನಳಿಗೆಯಲ್ಲಿ ಇನ್ನೊಂದರ ತೋಟಾ ಹೊಡೆಯುವುದು ಅಪಾಯ. ಒಂದೇ ತೋಟಾ ಆದರೆ ಆ ಚಿಂತೆಯೇ ಇಲ್ಲ.

ಈಗಷ್ಟೇ ಶುರು ಮಾಡುವವರು, ಎರಡನ್ನೂ ಹೊಸದಾಗಿ ಕೊಳ್ಳುವವರು ಹಳೆಯ, ಎಲ್ಲ ಕಡೆ ಸಿಗುವ ತೋಟಾ ಆರಿಸಿ. .30-06 ಬಂದದ್ದು 1906ರಲ್ಲಿ, ಹೆಸರಿನ ಕೊನೆಯ 06 ಅದೇ. .270 ವಿಂಚೆಸ್ಟರ್ 1925ರದ್ದು, .308 ವಿಂಚೆಸ್ಟರ್ 1952ರದ್ದು, .243 1955ರದ್ದು. 6.5 ಕ್ರೀಡ್‌ಮೂರ್ ಬಂದದ್ದು 2007ರಲ್ಲಿ, ಆದರೂ ಈಗ ಸಣ್ಣ ಊರಿನ ಅಂಗಡಿಯಲ್ಲೂ ಇರುತ್ತದೆ. ಈ ಐದರಲ್ಲಿ ಯಾವುದಾದರೂ ಜಿಂಕೆಗೆ ಧಾರಾಳ ಸಾಕು. ಹೆಗಲಿಗೆ ಪೆಟ್ಟು ಕಡಿಮೆ ಬೇಕೆಂದರೆ .243 ಅಥವಾ 6.5. ಮುಂದೊಂದು ದಿನ ಕೊಲೊರಾಡೊ ಕಡೆ ಎಲ್ಕ್ ಎನ್ನುವ ದೊಡ್ಡ ಜಾತಿಯ ಜಿಂಕೆ ಬೇಟೆಗೆ ಹೋಗುವ ಮನಸ್ಸಿದ್ದರೆ .308 ಅಥವಾ .30-06. 2020, 2021ರಲ್ಲಿ ತೋಟಾ ಸಿಗದೇ ಪರದಾಡಿದ ದಿನಗಳನ್ನು ನೋಡಿದವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. ಆಗ ಮನೆಯಲ್ಲಿ ಇದ್ದ ಒಂದೇ ಬಗೆಯ ಡಬ್ಬಿಗಳು ಎರಡು ರೈಫಲ್‌ಗೂ ಆಗುತ್ತಿದ್ದರೆ ಎಷ್ಟು ನಿರಾಳ!

ಹೆಜ್ಜೆ 3: ದುಡ್ಡನ್ನು ಹಂಚಿಕೊಳ್ಳಿ

ನನ್ನ ಲೆಕ್ಕ ಹೀಗಿದೆ. ಒಟ್ಟು 1000 ಡಾಲರ್ ಇದ್ದರೆ ರೈಫಲ್‌ಗೆ 500ರ ಆಸುಪಾಸು, ಸ್ಕೋಪಿಗೆ 250, ಅದನ್ನು ಹಿಡಿದಿಡುವ ರಿಂಗು ಮತ್ತು ಬೇಸಿಗೆ 60, ಉಳಿದದ್ದೆಲ್ಲ ತೋಟಾಕ್ಕೆ. ತೋಟಾಕ್ಕೆ ದುಡ್ಡು ಇಡದೆ ಎಲ್ಲವನ್ನೂ ರೈಫಲ್ ಮೇಲೆ ಸುರಿದರೆ ಅದು ಗುರಿ ಕೂರಿಸದೇ (ಸ್ಕೋಪಿನ ಗೆರೆ ತೋರಿಸಿದ ಕಡೆ ಗುಂಡು ಬೀಳುವಂತೆ ಹೊಂದಿಸದೇ) ಬೀರುವಿನಲ್ಲಿ ನಿಲ್ಲುತ್ತದೆ. ಗುರಿ ಕೂರಿಸದ ರೈಫಲ್ ಸ್ಪೇರ್ ಅಲ್ಲ, ಸುಮ್ನೆ ಒಂದು ಭಾರ.

ಸ್ಕೋಪ್ ಹಾಕಿಯೇ ಕಾಂಬೊ ಎಂದು ಮಾರುತ್ತಾರೆ. ಅದರಲ್ಲಿ ರೈಫಲ್ ಚೆನ್ನಾಗಿರುತ್ತದೆ, ಸ್ಕೋಪ್ ಮಾತ್ರ ಬಹಳ ಸಲ ಅಷ್ಟಕ್ಕಷ್ಟೇ. ಕಾಂಬೊಗೂ ಬರೀ ರೈಫಲ್‌ಗೂ ಬೆಲೆಯಲ್ಲಿ ಮೂವತ್ತು ನಲವತ್ತು ಡಾಲರ್ ಮಾತ್ರ ವ್ಯತ್ಯಾಸ ಇದ್ದರೆ ತಗೊಳ್ಳಿ, ಆದರೆ ಮೊದಲ ದಿನವೇ ಅದರ ಸ್ಕ್ರೂ ಎಲ್ಲ ಬಿಚ್ಚಿ ನೀವೇ ಮತ್ತೆ ಬಿಗಿಯಿರಿ.

ಹೆಜ್ಜೆ 4: ಯಾವ ರೈಫಲ್?

ಕಡಿಮೆ ಬೆಲೆಯ ರೈಫಲ್ ಎಂದರೆ ಗುರಿ ತಪ್ಪುವ ರೈಫಲ್ ಎನ್ನುವ ಕಾಲ ಹೋಯಿತು. ಈಗಿನ ಯಂತ್ರಗಳಲ್ಲಿ ನಳಿಗೆ ಒಳ್ಳೆಯದು ಮಾಡುವುದು ಕಷ್ಟವಲ್ಲ. ಕಂಪನಿಗಳು ದುಡ್ಡು ಉಳಿಸುವುದು ಬೇರೆ ಕಡೆ: ಮರದ ಬದಲು ಅಚ್ಚಿಗೆ ಸುರಿದ ಪ್ಲಾಸ್ಟಿಕ್ ಸ್ಟಾಕ್ (ನಳಿಗೆ ಕೂರುವ, ಹೆಗಲಿಗೆ ಒರಗುವ ಭಾಗ), ಪಾಲಿಶ್ ಇಲ್ಲದ ಕಪ್ಪು ಮೇಲ್ಮೈ, ಪ್ಲಾಸ್ಟಿಕ್ ಮ್ಯಾಗಜಿನ್, ಕರಕರ ಎನ್ನುವ ಬೋಲ್ಟ್. ಇವುಗಳಲ್ಲಿ ಯಾವುದನ್ನು ನಾನು ಸಹಿಸಬಲ್ಲೆ, ಯಾವುದನ್ನು ಸಹಿಸಲಾರೆ ಎಂದು ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿಯಿತು.

ರೂಗರ್ ಅಮೆರಿಕನ್ 2012ರ ಸುಮಾರಿಗೆ ಬಂತು. ಬೋಲ್ಟ್‌ಗೆ ಮೂರು ಲಗ್ (ಬೋಲ್ಟ್ ಅನ್ನು ಮುಚ್ಚಿ ಬಿಗಿಹಿಡಿಯುವ ಗಂಟು) ಇರುವುದರಿಂದ ಬೋಲ್ಟ್ ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು, ಮಾಸರ್ ಎನ್ನುವ ಹಳೆಯ ಮಾದರಿಯ ಎರಡು ಲಗ್‌ನವು 90 ಡಿಗ್ರಿ ಕೇಳುತ್ತವೆ. ಸ್ಕೋಪಿಗೂ ಬೋಲ್ಟ್ ಹಿಡಿಗೂ ನಡುವೆ ಬೆರಳಿಗೆ ಜಾಗ ಜಾಸ್ತಿ ಸಿಗುತ್ತದೆ, ದಪ್ಪ ಗ್ಲೌಸ್ ಹಾಕಿದಾಗ ಇದರ ಬೆಲೆ ತಿಳಿಯುತ್ತದೆ. ಟ್ರಿಗರ್ ಅನ್ನು 3ರಿಂದ 5 ಪೌಂಡ್ ನಡುವೆ ಹೊಂದಿಸಿಕೊಳ್ಳಬಹುದು. ಸೇಫ್ಟಿ ಹಿಂದೆ, ಕೈ ಹಿಡಿಯುವ ಜಾಗದ ಮೇಲೆ. ಮೊದಲ ತಲೆಮಾರಿನ ಸ್ಟಾಕ್ ತೆಳು, ಬಿಗಿ ಹಿಡಿದರೆ ಬಾಗುತ್ತದೆ. ಎರಡನೇ ತಲೆಮಾರು ಬಂದ ಮೇಲೆ ಸ್ಟಾಕ್ ಸುಧಾರಿಸಿದೆ, ಸೇಫ್ಟಿ ಮೂರು ಹಂತದ್ದಾಗಿದೆ, ಬೆಲೆಯೂ ಏರಿದೆ. ಹೊಸದು ಬಂದಿರುವುದರಿಂದ ಅಂಗಡಿಯಲ್ಲಿ ಉಳಿದ ಮೊದಲ ತಲೆಮಾರಿನದು ಕಡಿಮೆಗೆ ಸಿಕ್ಕರೆ ಸ್ಪೇರ್‌ಗೆ ಅದೇ ಸಾಕು.

ಸ್ಯಾವೇಜ್ ಆಕ್ಸಿಸ್ ಇದಕ್ಕಿಂತಲೂ ಅಗ್ಗ. ಸ್ಯಾವೇಜ್‌ನವರು ನಳಿಗೆಯನ್ನು ಒಂದು ದೊಡ್ಡ ನಟ್‌ನಿಂದ ಬಿಗಿಯುತ್ತಾರೆ, ಅದರಿಂದ ತೋಟಾ ಕೂರುವ ಅಳತೆಯನ್ನು ಕರಾರುವಾಕ್ಕಾಗಿ, ಕಡಿಮೆ ಖರ್ಚಿನಲ್ಲಿ ಹೊಂದಿಸಬಹುದು. ಬೋಲ್ಟ್‌ನ ತಲೆಯೂ ಚೂರು ಅಲ್ಲಾಡುವಂತಿದ್ದು ತನ್ನಷ್ಟಕ್ಕೆ ಸಮವಾಗಿ ಕೂರುತ್ತದೆ. ಅಗ್ಗವಾದರೂ ಗುರಿಯಲ್ಲಿ ಹಿಂದೆ ಬೀಳದಿರುವುದಕ್ಕೆ ಕಾರಣ ಇವೇ. ಹಳೆಯ ಬರೀ ಆಕ್ಸಿಸ್‌ನ ಟ್ರಿಗರ್ ಗಟ್ಟಿ, ಹೊಂದಿಸಲೂ ಬರುವುದಿಲ್ಲ. ಆಕ್ಸಿಸ್ 2ರಲ್ಲಿ ಆಕ್ಯುಟ್ರಿಗರ್ ಇದೆ, ಟ್ರಿಗರ್ ಮಧ್ಯೆ ಒಂದು ಸಣ್ಣ ಅಲಗು ಇರುತ್ತದೆಯಲ್ಲ, ಅದು. ಸ್ವಲ್ಪ ಜಾಸ್ತಿ ಕೊಟ್ಟು ಅದನ್ನೇ ತಗೊಳ್ಳಿ. ಸೇಫ್ಟಿ ಇದರಲ್ಲೂ ಹಿಂದೆ ಮೇಲ್ಗಡೆ. ಬೋಲ್ಟ್ ಮೊದಮೊದಲು ಒರಟು, ಇನ್ನೂರು ಮುನ್ನೂರು ಸಲ ಎಳೆದು ತಳ್ಳಿದ ಮೇಲೆ ಹದಕ್ಕೆ ಬರುತ್ತದೆ.

ಮಾಸ್‌ಬರ್ಗ್ ಪೇಟ್ರಿಯಟ್ 2015ರಲ್ಲಿ ಬಂದದ್ದು. ಈ ಬೆಲೆಯಲ್ಲಿ ಮರದ ಸ್ಟಾಕ್‌ನಲ್ಲೂ ಸಿಗುವ ಕೆಲವೇ ರೈಫಲ್‌ಗಳಲ್ಲಿ ಒಂದು. ಸೇಫ್ಟಿ ಬೋಲ್ಟ್ ಪಕ್ಕದಲ್ಲಿ. ವಿಂಚೆಸ್ಟರ್ ಎಕ್ಸ್‌ಪಿಆರ್ ಕೂಡ ಪಕ್ಕದ ಸೇಫ್ಟಿಯದ್ದೇ, ಜೊತೆಗೆ ಸೇಫ್ಟಿ ಹಾಕಿದ್ದಾಗಲೂ ಬೋಲ್ಟ್ ತೆರೆಯಲು ಒಂದು ಸಣ್ಣ ಗುಂಡಿ ಕೊಟ್ಟಿದ್ದಾರೆ.

ಇನ್ನೂ ನೂರಿನ್ನೂರು ಡಾಲರ್ ಹಾಕಬಲ್ಲೆ ಎನ್ನುವವರಿಗೆ ನಾನು ಹೇಳುವುದು ಹೊವಾ 1500 ಅಥವಾ ವೆದರ್ಬಿ ವ್ಯಾನ್‌ಗಾರ್ಡ್. ಎರಡೂ ಜಪಾನಿನ ಹೊವಾ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ತೂಕ ಸ್ವಲ್ಪ ಜಾಸ್ತಿ, ಆದರೆ ಬೋಲ್ಟ್ ಎಳೆದರೆ ಕಬ್ಬಿಣ ಕಬ್ಬಿಣದ ಮೇಲೆ ಜಾರುವ ಆ ಭರವಸೆ ಸಿಗುತ್ತದೆ. ಪಕ್ಕದಲ್ಲಿ ಮೂರು ಹಂತದ ಸೇಫ್ಟಿ. ನಡುವಿನ ಹಂತದಲ್ಲಿ ಸೇಫ್ಟಿ ಹಾಕಿಕೊಂಡೇ ತೋಟಾ ಹೊರತೆಗೆಯಬಹುದು, ಇದು ನನಗೆ ತುಂಬಾ ಇಷ್ಟ. ಸಾಮಾನ್ಯ ಮಾದರಿಗಳಲ್ಲಿ ಮ್ಯಾಗಜಿನ್ ಒಳಗೇ ಇರುತ್ತದೆ, ಕೆಳಗಿನ ಬಾಗಿಲು ತೆರೆದರೆ ತೋಟಾಗಳು ಕೈಗೆ ಬೀಳುತ್ತವೆ. ಕಳೆದುಹೋಗುವ ಭಯವಿಲ್ಲ. ಕಳಚುವ ಮ್ಯಾಗಜಿನ್‌ನ ರೈಫಲ್ ತಗೊಂಡರೆ ಅವತ್ತೇ ಇನ್ನೊಂದು ಮ್ಯಾಗಜಿನ್ ತಗೊಳ್ಳಿ. ಮ್ಯಾಗಜಿನ್ ಕಳೆದುಕೊಂಡರೆ ಆಮೇಲೆ ಒಂದೊಂದೇ ತೋಟಾ ಕೈಯಲ್ಲಿ ಹಾಕಿಕೊಂಡು ದಿನ ಕಳೆಯಬೇಕು.

ಟಿಕ್ಕಾ ಟಿ3ಎಕ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಫಿನ್ಲೆಂಡಿನ ಆ ರೈಫಲ್‌ನ ಬೋಲ್ಟ್‌ನಷ್ಟು ನುಣುಪು ಈ ಗುಂಪಿನಲ್ಲಿ ಬೇರೆ ಯಾವುದರದ್ದೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಅಗ್ಗದ ಸ್ಪೇರ್ ಅಲ್ಲ. ಅದನ್ನು ಕೊಂಡರೆ ಈಗಿರುವುದು ಸ್ಪೇರ್ ಆಗುತ್ತದೆ, ಅದೂ ಒಂದು ಒಳ್ಳೆಯ ದಾರಿಯೇ.

ಹಾಗಾದರೆ ಯಾವುದು? ಮೊದಲನೆಯದರ ಸೇಫ್ಟಿ ಪಕ್ಕದಲ್ಲಿದ್ದರೆ ಹೊವಾ, ವ್ಯಾನ್‌ಗಾರ್ಡ್, ಪೇಟ್ರಿಯಟ್, ಎಕ್ಸ್‌ಪಿಆರ್ ಸಾಲಿನಲ್ಲಿ ನೋಡಿ. ಹಿಂದೆ ಮೇಲ್ಗಡೆ ಇದ್ದರೆ ರೂಗರ್, ಸ್ಯಾವೇಜ್. ನನ್ನದು ಪಕ್ಕದ್ದು, .308. ನಾನು ತಂದದ್ದು ವ್ಯಾನ್‌ಗಾರ್ಡ್.

ಹೆಜ್ಜೆ 5: ಅಂಗಡಿ ಕೌಂಟರಿನಲ್ಲಿ

ಒಂದು ಡಾಲರ್ ನೋಟು ಜೇಬಲ್ಲಿ ಇಟ್ಟುಕೊಳ್ಳಿ, ಯಾಕೆಂದು ಹೇಳುತ್ತೇನೆ. ರೈಫಲ್ ಕೈಗೆ ಕೊಟ್ಟ ಕೂಡಲೇ, ಕೊಟ್ಟವರು ಖಾಲಿ ಎಂದು ತೋರಿಸಿದ್ದರೂ, ನೀವೇ ಬೋಲ್ಟ್ ತೆರೆದು ಚೇಂಬರ್‌ನಲ್ಲಿ (ತೋಟಾ ಕೂರುವ ಜಾಗದಲ್ಲಿ) ಕಿರುಬೆರಳು ಆಡಿಸಿ ನೋಡಿ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಿರಲಿ.

ಮೊದಲು ಅಳತೆ. ಮೊಣಕೈ ಮಡಚಿ, ಸ್ಟಾಕ್‌ನ ಹಿಂಭಾಗವನ್ನು ಮೊಣಕೈ ಮಡಿಕೆಗೆ ಒತ್ತಿ. ತೋರುಬೆರಳು ಟ್ರಿಗರ್ ಮೇಲೆ ಆರಾಮಾಗಿ ತಲುಪಬೇಕು. ಇಲ್ಲಿನ ಸಾಮಾನ್ಯ ಸ್ಟಾಕ್ ಹದಿಮೂರೂವರೆ ಇಂಚಿನ ಮೇಲೆ ಇರುತ್ತದೆ. ಐದೂಕಾಲು, ಐದೂವರೆ ಅಡಿ ಎತ್ತರದವರಿಗೆ, ಅದರ ಮೇಲೆ ದಪ್ಪ ಜಾಕೆಟ್ ಬೇರೆ ಹಾಕಿದಾಗ, ಇದು ಉದ್ದವಾಗುತ್ತದೆ. ಅಂಥವರು ಕಾಂಪ್ಯಾಕ್ಟ್ ಮಾದರಿ ಕೇಳಿ. ರೂಗರ್ ಅಮೆರಿಕನ್ ಕಾಂಪ್ಯಾಕ್ಟ್‌ನದು ಹನ್ನೆರಡೂವರೆ ಇಂಚು. ಮನೆಯಲ್ಲಿ ಹೆಂಡತಿಯೋ ಮಗಳೋ ಇದೇ ಸ್ಪೇರ್ ಬಳಸುವುದಾದರೆ ಅವರನ್ನೂ ಕರೆದುಕೊಂಡು ಹೋಗಿ. ಎಡಗೈಯವರಿಗೆ ಸ್ಯಾವೇಜ್, ರೂಗರ್ ಎರಡರಲ್ಲೂ ಎಡಗೈ ಬೋಲ್ಟ್ ಸಿಗುತ್ತದೆ.

ಆಮೇಲೆ ಕಣ್ಣು ಮುಚ್ಚಿ ಹೆಗಲಿಗೆ ತಂದು ಕೆನ್ನೆ ಒರಗಿಸಿ, ಕಣ್ಣು ಬಿಡಿ. ಸ್ಕೋಪ್ ಇರುವ ಜಾಗಕ್ಕೆ ಕಣ್ಣು ನೇರವಾಗಿ ಬಂದಿರಬೇಕು. ಕತ್ತು ಎತ್ತಿ ಹುಡುಕುವಂತಿದ್ದರೆ ಸ್ಟಾಕ್ ನಿಮಗೆ ತಗ್ಗು.

ಈಗ ಆ ನೋಟು. ನಳಿಗೆ ಮತ್ತು ಸ್ಟಾಕ್ ನಡುವಿನ ಸಂದಿಯಲ್ಲಿ ನೋಟನ್ನು ಅಡ್ಡ ಹಾಕಿ, ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಎಲ್ಲೂ ತಡೆಯದೆ ಬರಬೇಕು. ಬಂತಾ? ಈಗ ಸ್ಟಾಕ್‌ನ ಮುಂಭಾಗವನ್ನು ಹೆಬ್ಬೆರಳಿನಿಂದ ನಳಿಗೆ ಕಡೆ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ. ಮರಕ್ಕೆ ಒರಗಿಸಿಯೋ ಕೋಲಿನ ಮೇಲಿಟ್ಟೋ ಹೊಡೆಯುವಾಗ ಸ್ಟಾಕ್ ಬಾಗಿ ನಳಿಗೆಗೆ ತಾಗಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ಸ್ವಲ್ಪ ಬಾಗುವುದು ಈ ಬೆಲೆಗೆ ಸಹಜ, ಕಿರುಬೆರಳಿನ ಬಲಕ್ಕೇ ತಾಗಿಬಿಟ್ಟರೆ ಆ ರೈಫಲ್ ವಾಪಸ್ ಕೊಡಿ.

ಬೋಲ್ಟ್ ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ಎಳೆದು ತಳ್ಳಿ. ಟ್ರಿಗರ್ ಒತ್ತಿ ನೋಡುವ ಮೊದಲು ಅಂಗಡಿಯವರನ್ನು ಕೇಳಿ. ಒಪ್ಪಿದರೆ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆದಾಗ ಒಳಗಿನ ಫೈರಿಂಗ್ ಪಿನ್ (ತೋಟಾಕ್ಕೆ ಹೊಡೆದು ಸಿಡಿಸುವ ಮೊಳೆ) ಟಕ್ ಎಂದು ತಾನಾಗೇ ಬಿದ್ದರೆ ಆ ರೈಫಲ್ ಬೇಡವೇ ಬೇಡ.

ಹೆಜ್ಜೆ 6: ಹಳೆಯ ರೈಫಲ್ ಕೊಳ್ಳುವುದಾದರೆ

ಸ್ಪೇರ್‌ಗೆ ಹಳೆಯದು ಎಷ್ಟೋ ಸಲ ಒಳ್ಳೆಯ ವ್ಯಾಪಾರ. ಎರಡು ಸೀಸನ್ ಹಿಡಿದು ಬಿಟ್ಟ ರೈಫಲ್‌ಗಳು ಅಂಗಡಿಯ ಹಳೆಯ ಸಾಲಿನಲ್ಲಿ ಇರುತ್ತವೆ. ನೋಡಬೇಕಾದ್ದು ನಾಲ್ಕು ಕಡೆ. ನಳಿಗೆಯ ಬಾಯಿಗೆ ಕಿವಿಗೆ ಹಾಕುವ ಹತ್ತಿ ಕಡ್ಡಿ ಸುತ್ತ ಆಡಿಸಿ, ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಬಾಯಿ ಜಖಂ ಆಗಿದೆ ಎಂದರ್ಥ. ಬೋಲ್ಟ್ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ, ಗುಂಡನ್ನು ಸುತ್ತಿಸಲು ನಳಿಗೆಯೊಳಗೆ ಕೊರೆದ ಗೀರುಗಳ ಅಂಚು ಚೂಪಾಗಿರಬೇಕು, ಕಪ್ಪು ಗುಳಿ ಇರಬಾರದು. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಸರಿಯಾದ ಸಲಕರಣೆ ಇಲ್ಲದೆ ಕೈ ಹಾಕಿದ್ದಾರೆ, ಒಳಗೆ ಏನು ಮಾಡಿದ್ದಾರೋ ಗೊತ್ತಿಲ್ಲ. ಸ್ಟಾಕ್ ಮತ್ತು ನಳಿಗೆ ಸೇರುವ ಗೆರೆಯಲ್ಲಿ ತುಕ್ಕು ಇದ್ದರೆ ಒಳಗೆ ಇನ್ನೂ ಜಾಸ್ತಿ ಇರುತ್ತದೆ.

ಸೀರಿಯಲ್ ನಂಬರ್ ಬರೆದುಕೊಂಡು ಕಂಪನಿಯ ರೀಕಾಲ್ (ದೋಷಕ್ಕಾಗಿ ವಾಪಸ್ ಕರೆಸಿಕೊಂಡ) ಪಟ್ಟಿಯಲ್ಲಿ ಹುಡುಕಿ. ಬಹಳ ಪ್ರಸಿದ್ಧ ಮಾದರಿಗಳಿಗೂ ಟ್ರಿಗರ್ ದೋಷಕ್ಕೆ ರೀಕಾಲ್ ಆಗಿದ್ದುಂಟು. ತಂದ ಮೇಲೆ ಕೋವಿ ರಿಪೇರಿ ಮಾಡುವ ಒಬ್ಬ ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್, ಅಂದರೆ ತೋಟಾ ಕೂರುವ ಅಳತೆ, ಅಳೆಸಿ. ಅದಾಗುವವರೆಗೆ ಒಂದು ಈಡೂ ಹೊಡೆಯಬೇಡಿ.

ಹೆಜ್ಜೆ 7: ಸ್ಕೋಪ್ ಕೂರಿಸುವುದು

3-9x40 ಸ್ಕೋಪ್ ಸಾಕು, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿಲಿಮೀಟರ್ ಇರುವ ಸ್ಕೋಪ್. ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಮ್, ವೋರ್ಟೆಕ್ಸ್ ಕ್ರಾಸ್‌ಫೈರ್ 2, ಬರ್ರಿಸ್ ಫುಲ್‌ಫೀಲ್ಡ್ ಇವೆಲ್ಲ ಈ ಬೆಲೆಗೆ ನೋಡಬೇಕಾದವು. ಒಳಗಿನ ಗೆರೆಗಳು ಮೊದಲ ಸ್ಕೋಪಿನಂತೆಯೇ ಇರಲಿ.

ಗುರಿ ಕೆಡುವುದು ಬಹಳ ಸಲ ರೈಫಲ್‌ನಿಂದಲ್ಲ, ಸಡಿಲ ಸ್ಕ್ರೂನಿಂದ. ಬೇಸಿನ ಸ್ಕ್ರೂ ಎಣ್ಣೆ ಒರೆಸಿ, ಒಣಗಿಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ. ರಿಂಗಿನ ಸ್ಕ್ರೂಗಳನ್ನು ಕಾರ್ ಚಕ್ರಕ್ಕೆ ಹಾಕುವ ಹಾಗೆ ಎದುರುಬದುರು, ಸ್ವಲ್ಪಸ್ವಲ್ಪವೇ. ಇಂಚ್-ಪೌಂಡ್ ತೋರಿಸುವ ಟಾರ್ಕ್ ಡ್ರೈವರ್ ಒಂದು ಕೊಳ್ಳಿ, ರಿಂಗಿನ ಕಂಪನಿ ಹೇಳಿದ ಅಂಕಿಗೆ ಬಿಗಿಯಿರಿ. ಕೈ ಅಂದಾಜಿಗೆ ಬಿಗಿದು ಸ್ಕೋಪಿನ ಕೊಳವೆ ನಜ್ಜಿದವರನ್ನು ನೋಡಿದ್ದೇನೆ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಿನ ಮೇಲೆ ದೂರ ಇರಲಿ, ಅದನ್ನು ಚಳಿಗಾಲದ ಜಾಕೆಟ್ ಹಾಕಿಕೊಂಡೇ ನೋಡಿ. ಟೀ ಶರ್ಟಿನಲ್ಲಿ ಅಳೆದ ದೂರ ಡಿಸೆಂಬರಿನಲ್ಲಿ ಸರಿ ಬರುವುದಿಲ್ಲ.

ಹೆಜ್ಜೆ 8: ಗುರಿ ಕೂರಿಸುವುದು

ರೇಂಜಿಗೆ ಹೋಗಿ. ಕಿವಿಗೆ, ಕಣ್ಣಿಗೆ ರಕ್ಷಣೆ ಹಾಕಿ. ಮೊದಲು ತೋಟಾ ಇಲ್ಲದೆ ಕೆಲಸ. ಬೋಲ್ಟ್ ಹೊರಗೆ ತೆಗೆದು, ರೈಫಲ್ ಅನ್ನು ಮರಳ ಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ನೋಡಿ. ಕತ್ತಲ ಕೊಳವೆಯ ತುದಿಯಲ್ಲಿ ನಾಣ್ಯದಷ್ಟು ಬೆಳಕು, ಅದರ ನಡುವೆ 25 ಗಜದ ಕಾಗದದ ಚುಕ್ಕೆ ಬರುವಂತೆ ಸರಿಸಿ. ಈಗ ರೈಫಲ್ ಮುಟ್ಟದೆ ಸ್ಕೋಪಿನ ತಿರುಪು ತಿರುಗಿಸಿ ಗೆರೆಯನ್ನೂ ಅದೇ ಚುಕ್ಕೆಗೆ ತನ್ನಿ. ಐದು ನಿಮಿಷದ ಕೆಲಸ, ಒಂದು ಡಬ್ಬಿ ತೋಟಾ ಉಳಿಯುತ್ತದೆ. ಬೋಲ್ಟ್ ಆಕ್ಷನ್‌ನ ಈ ಸುಖ ಲಿವರ್ ಆಕ್ಷನ್‌ನಲ್ಲೋ ಪಂಪಿನಲ್ಲೋ ಇಷ್ಟು ಸುಲಭಕ್ಕೆ ಇಲ್ಲ.

25 ಗಜದಲ್ಲಿ ಒಂದು ಈಡು. ಹೆಚ್ಚಿನ ಸ್ಕೋಪುಗಳಲ್ಲಿ 100 ಗಜಕ್ಕೆ ನಾಲ್ಕು ಕ್ಲಿಕ್ ಎಂದರೆ ಸುಮಾರು ಒಂದು ಇಂಚು. 25 ಗಜದಲ್ಲಿ ಅದೇ ಒಂದು ಇಂಚಿಗೆ ಹದಿನಾರು ಕ್ಲಿಕ್. ಸರಿಮಾಡಿ, 100 ಗಜಕ್ಕೆ ಹೋಗಿ. ಮೂರು ಹೊಡೆಯಿರಿ, ನಿಲ್ಲಿಸಿ, ನಳಿಗೆ ತಣ್ಣಗಾಗಲಿ. ತೆಳು ನಳಿಗೆ ಬೇಗ ಬಿಸಿಯಾಗುತ್ತದೆ, ಬಿಸಿಯಲ್ಲಿ ಗುಂಪು ಚದುರುತ್ತದೆ. ಮೂರರ ನಡುವಿನ ಜಾಗ ನೋಡಿ ಕ್ಲಿಕ್ ಮಾಡಿ, ಒಂದೊಂದೇ ಗುಂಡಿನ ಹಿಂದೆ ಓಡಬೇಡಿ.

ಎಷ್ಟು ಚೆನ್ನಾಗಿ ಕೂರಬೇಕು? ಜಿಂಕೆಯ ಎದೆಯಲ್ಲಿ ಗುರಿಯ ಜಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. 100 ಗಜದಲ್ಲಿ ಒಂದೂವರೆ, ಎರಡು ಇಂಚಿನೊಳಗೆ ಮೂರೂ ಬಿದ್ದರೆ ಈ ಕಾಡಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಎರಡು ಮೂರು ಬಗೆಯ ತೋಟಾ ಹೊಡೆದು ನೋಡಿ, ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. .308ರಲ್ಲಿ 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು 100 ಗಜದಲ್ಲಿ ಎರಡು ಇಂಚಿನಷ್ಟು ಮೇಲೆ ಬೀಳುವಂತೆ ಕೂರಿಸಿದರೆ 200 ಗಜದ ಹತ್ತಿರ ಗುರಿಗೆ ಸರಿಯಾಗಿ ಬರುತ್ತದೆ. ಎರಡೂ ರೈಫಲ್‌ಗೂ ಒಂದೇ ರೀತಿ ಕೂರಿಸಿ.

ಕೊನೆಯದಾಗಿ, ಇನ್ನೊಂದು ದಿನ ಬೆಳಿಗ್ಗೆ ಬಂದು ತಣ್ಣಗಿನ ನಳಿಗೆಯಿಂದ ಒಂದೇ ಒಂದು ಈಡು ಹೊಡೆಯಿರಿ. ಬೇಟೆಯಲ್ಲಿ ಸಿಗುವುದು ಆ ಒಂದೇ. ಅದು ಎಲ್ಲಿ ಬಿತ್ತು ಎನ್ನುವುದು ನಿಮಗೆ ಗೊತ್ತಿರಬೇಕು.

ಮನೆಯಲ್ಲಿ

ಬೀಗ ಇರುವ ಬೀರು, ತೋಟಾ ಬೇರೆ ಕಡೆ, ಅದಕ್ಕೂ ಬೀಗ. ನಮ್ಮ ಮನೆಗಳಿಗೆ ಮಕ್ಕಳ ಗೆಳೆಯರು ಬರುತ್ತಾರೆ, ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ಕೀಲಿ ಎಲ್ಲಿದೆ ಎಂದು ದೊಡ್ಡವರಲ್ಲಿ ಯಾರಿಗೆ ಗೊತ್ತಿರಬೇಕು, ಯಾರಿಗೆ ಬೇಡ ಎಂದು ಕೂತು ಮಾತಾಡಿ ತೀರ್ಮಾನಿಸಿ.

ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ಬೋಲ್ಟ್ ಒಳಗಿನ ಫೈರಿಂಗ್ ಪಿನ್ ಎಣ್ಣೆಯಲ್ಲಿ ಮುಳುಗಿದ್ದರೆ ಮೈನಸ್ ಚಳಿಯಲ್ಲಿ ಮಂದವಾಗಿ ಹೊಡೆದು ತೋಟಾ ಸಿಡಿಯದೇ ಹೋಗಬಹುದು, ಹಾಗಾಗಿ ಸೀಸನ್ ಮೊದಲು ಒರೆಸಿ ಒಣಗಿಸಿ. ಹೊರಗಿನ ಚಳಿಯಿಂದ ಬಂದ ಕೂಡಲೇ ಬೆಚ್ಚಗಿನ ಮನೆಯಲ್ಲಿ ಚೀಲದಿಂದ ತೆಗೆದರೆ ನೀರಿನ ಪಸೆ ಕಟ್ಟುತ್ತದೆ. ಚೀಲದಲ್ಲೇ ಒಂದೆರಡು ಗಂಟೆ ಬಿಟ್ಟು ಆಮೇಲೆ ತೆಗೆದು ಒರೆಸಿ.

ಇನ್ನೊಂದು ಎಚ್ಚರಿಕೆ ಕನ್ನಡದವರಿಗೆಂದೇ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಬೇಡಿ. ಯಾವುದೋ ಜೇಬಿನಲ್ಲಿ ಮರೆತ ಒಂದೇ ಒಂದು ತೋಟಾ ಉಳಿದಿದ್ದರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ಇಲ್ಲ. ಬೆಳೆ ಕಾಯಲು ಲೈಸೆನ್ಸ್ ಇರುವ ಮಲೆನಾಡಿನ ರೈತರು ಸಹ ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ನಮ್ಮ ಅಜ್ಜನ ಜೋಡಿ ನಳಿಗೆ ಕೋವಿಗೂ ಅದೇ ನಿಯಮ ಇತ್ತು. ಅಲ್ಲಿನ ಬಿಗಿಯನ್ನು ಇಲ್ಲಿದ್ದವರು ಮರೆಯಬಾರದು.

ಸ್ಪೇರ್ ರೈಫಲ್‌ನ ಪೆಟ್ಟಿಗೆಯ ಮುಚ್ಚಳದ ಒಳಗೆ ನಾನು ಒಂದು ಕಾರ್ಡ್ ಅಂಟಿಸಿದ್ದೇನೆ. ಗುರಿ ಕೂರಿಸಿದ ತಾರೀಕು, ಯಾವ ತೋಟಾ, ಎಷ್ಟು ಗ್ರೇನ್, 100 ಗಜದಲ್ಲಿ ಎಲ್ಲಿ ಬೀಳುತ್ತದೆ, ತಣ್ಣಗಿನ ಮೊದಲ ಈಡು ಎಲ್ಲಿ ಬಿತ್ತು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಎರಡೂ ರೈಫಲ್ ಒಯ್ದು, ಸ್ಪೇರ್‌ನಿಂದ ಕನಿಷ್ಠ ಹತ್ತು ಹೊಡೆದು, ಕಾರ್ಡಿನಲ್ಲಿ ಹೊಸ ಸಾಲು ಬರೆಯುತ್ತೇನೆ. ಈಗ ಅದರಲ್ಲಿ ಆರು ಸಾಲುಗಳಿವೆ.